ಸವಳು ನೀರಿನಲ್ಲಿ ಸಿಹಿ ಹಣ್ಣು

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ’ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಅಡುಗೆಯಲ್ಲಿ ಚಿಟಿಕೆ ಉಪ್ಪು ಕಡಮೆಯಾದರೂ ಊಟ ಸಪ್ಪೆಯಾಗುತ್ತದೆ. ಆದರೆ ಅದೇ ಉಪ್ಪು ಮಣ್ಣಿನಲ್ಲಿ ಸೇರಿ ಗಿಡದ ಬೇರನ್ನು ಸುತ್ತುವರಿದಾಗ ರುಚಿಯ ಮಾತು ಹಾಗಿರಲಿ, ಬದುಕುವುದೇ ಆ ಗಿಡಕ್ಕೆ ಕಷ್ಟವಾಗುತ್ತದೆ. ಇಂಥ ನೀರನ್ನು ಉತ್ತರ ಕರ್ನಾಟಕದ ರೈತರು ಸವಳು ನೀರು ಎಂದು ಕರೆಯುತ್ತಾರೆ. ದಕ್ಷಿಣದಲ್ಲಿ ಚೌಳು ಎನ್ನುವುದುಂಟು. ಇರುವ ನೀರೆಲ್ಲ ಸವಳಾಗಿರುವಲ್ಲಿ ಹಣ್ಣಿನ ತೋಟವನ್ನು ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಯ ಉತ್ತರವನ್ನು ಕೊಪ್ಪಳ ಜಿಲ್ಲೆಯ ನೆಲದ ಮೇಲೆ ನಿಂತು ಹುಡುಕೋಣ.

‘ಕವಿರಾಜಮಾರ್ಗ’ದ ಕಾಲದಲ್ಲಿಯೇ ಕೊಪಣವೆಂದು ಹೆಸರಾಗಿದ್ದ ಊರು ಕೊಪ್ಪಳ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಇದು ಹೊಸ ಜಿಲ್ಲೆಯ ಕೇಂದ್ರವಾಯಿತು. ಆಗ ಜಿಲ್ಲೆಯಲ್ಲಿದ್ದವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಈಚೆಗೆ ಇವುಗಳಿಂದಲೇ ಕನಕಗಿರಿ, ಕಾರಟಗಿ, ಕುಕನೂರು ತಾಲ್ಲೂಕುಗಳು ರೂಪುಗೊಂಡಿವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಕೆಲವೆಡೆ ಎರೆ ಭೂಮಿ, ಕೆಲವೆಡೆ ಮಸಾರಿ.

ಒಂದೇ ಜಿಲ್ಲೆಯಾದರೂ ನೀರಿನ ವಿಷಯದಲ್ಲಿ ಇದು ಎರಡು ಲೋಕ. ಕುಷ್ಟಗಿ, ಯಲಬುರ್ಗಾ ಕಡೆಯ ರೈತನಿಗೆ ಮಳೆ ಮತ್ತು ಕೊಳವೆ ಬಾವಿಗಳೇ ಮುಖ್ಯ ಆಧಾರ. ದಾಳಿಂಬೆ, ಮಾವು, ಪೇರಲ, ದ್ರಾಕ್ಷಿಗಳಿಗೆ ಅವನು ಕೊಡುವುದು ನೆಲದಾಳದಿಂದ ಎತ್ತಿದ ನೀರನ್ನು. ಅದು ಹಲವೆಡೆ ಗಡಸು, ಕೆಲವೆಡೆ ಸವಳು. ಗಂಗಾವತಿಯ ಕಡೆಗೆ ಬಂದರೆ ದೃಶ್ಯವೇ ಬೇರೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗಳಿಗೆ ಹರಿಯಿತು. ಮುನಿರಾಬಾದಿನಲ್ಲಿ ಹೊರಡುವ ಎಡದಂಡೆ ಕಾಲುವೆ ಕೊಪ್ಪಳ, ಗಂಗಾವತಿಗಳನ್ನು ಹಾದು ರಾಯಚೂರು ಜಿಲ್ಲೆಯನ್ನು ಸೇರುತ್ತದೆ. ಜೋಳ, ಹತ್ತಿ, ಶೇಂಗಾಗಳಂಥ ಮಿತನೀರಿನ ಬೆಳೆಗಳಿಗೆ ಹೆಚ್ಚಿನ ಭೂಮಿಯನ್ನು ಮೀಸಲಿಡಬೇಕೆಂಬುದು ಯೋಜನೆಯ ಮೂಲ ಉದ್ದೇಶ. ಆದರೆ ಭತ್ತ ಎಲ್ಲೆಡೆ ಹಬ್ಬಿತು. ಹೊಲಗಳಲ್ಲಿ ವರ್ಷದ ಬಹುಕಾಲ ನೀರು ನಿಂತಿತು. ನೆಲದೊಳಗಿನ ನೀರಿನ ಮಟ್ಟ ಮೇಲೇರಿತು. ತಗ್ಗಿನ ಹೊಲಗಳು ಸವಳು ಜವಳಾದವು. ಹೀಗೆ ಒಂದು ಕಡೆ ನೀರಿನ ಕೊರತೆಯಿಂದಲೂ ಇನ್ನೊಂದು ಕಡೆ ನೀರಿನ ಅತಿಯಿಂದಲೂ ರೈತನು ಉಪ್ಪಿನ ಬಾಧೆಗೆ ಸಿಕ್ಕಿದನು.

ಈ ಉಪ್ಪು ಎಲ್ಲಿಂದ ಬರುತ್ತದೆ? ಬಂಡೆಗಳು ಸಾವಿರಾರು ವರ್ಷಗಳಲ್ಲಿ ಸವೆದು ಮಣ್ಣಾಗುವಾಗ ಅವುಗಳಲ್ಲಿನ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ನೀರಿನಲ್ಲಿ ಕರಗಿ ಲವಣಗಳಾಗುತ್ತವೆ. ಮಳೆ ಹೆಚ್ಚಾಗಿರುವ ಮಲೆನಾಡಿನಲ್ಲಿ ಅವು ತೊಳೆದು ಹೊಳೆಯ ಪಾಲಾಗುತ್ತವೆ. ಬಯಲುಸೀಮೆಯಲ್ಲಿ ಬೀಳುವ ಮಳೆ ಅವನ್ನು ತೊಳೆಯಲು ಸಾಲದು. ನೆಲದಾಳದಲ್ಲಿ ಬಹುಕಾಲ ನಿಂತ ನೀರು ಬಂಡೆಯ ಲವಣಗಳನ್ನು ಹೀರಿಕೊಂಡು ಸವಳಾಗುತ್ತದೆ. ಇನ್ನು ನೀರಿನ ಮಟ್ಟ ಮೇಲೇರಿದಲ್ಲಿ, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವಂತೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಹೀರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಬೇಸಗೆಯಲ್ಲಿ ಹೊಲದ ಮೇಲೆ ಕಾಣುವ ಬಿಳಿಯ ಪೊರೆ ಇದೇ.

ಉಪ್ಪು ಗಿಡವನ್ನು ಬಾಧಿಸುವ ರೀತಿಯನ್ನು ನಮ್ಮ ಅಡುಗೆಮನೆಯಲ್ಲಿಯೇ ಕಾಣಬಹುದು. ಉಪ್ಪಿನಕಾಯಿಗಾಗಿ ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನೀರೊಡೆದು ಹೋಳುಗಳು ಮುರುಟುತ್ತವೆ. ಹೊರಗಿನ ಗಾಢವಾದ ಉಪ್ಪು ಒಳಗಿನ ನೀರನ್ನು ಎಳೆದುಕೊಂಡಿತು. ತೆಳುವಾದ ದ್ರಾವಣದಿಂದ ಗಾಢವಾದ ದ್ರಾವಣದ ಕಡೆಗೆ ನೀರು ಪೊರೆಯ ಮೂಲಕ ಸರಿಯುವ ಈ ಕ್ರಿಯೆಗೆ ಅಭಿಸರಣ ಎಂದು ಹೆಸರು. ಗಿಡದ ಬೇರು ಮಣ್ಣಿನಿಂದ ನೀರನ್ನು ಪಡೆಯುವುದೂ ಈ ನಿಯಮದಿಂದಲೇ. ಬೇರಿನ ಕೋಶಗಳ ರಸಕ್ಕಿಂತ ಮಣ್ಣಿನ ನೀರು ತೆಳುವಾಗಿರುವವರೆಗೆ ನೀರು ಒಳಕ್ಕೆ ಹರಿಯುತ್ತದೆ. ಮಣ್ಣಿನ ನೀರು ಗಾಢವಾದಂತೆಲ್ಲ ಬೇರು ಹೆಚ್ಚು ಶ್ರಮಪಡಬೇಕಾಗುತ್ತದೆ. ಬುಡದಲ್ಲಿ ತೇವವಿದ್ದರೂ ಗಿಡ ಬಾಯಾರಿ ಬಾಡುವುದು ಇದರಿಂದಲೇ. ಇದನ್ನರಿಯದೆ, ಗಿಡಕ್ಕೆ ನೀರು ಸಾಲದೆಂದು ಅದೇ ಸವಳು ನೀರನ್ನು ಮನಬಂದಂತೆ ಹಾಯಿಸುವವರುಂಟು.

ಎರಡನೆಯ ಬಾಧೆ ವಿಷದ್ದು. ಸೋಡಿಯಂ ಮತ್ತು ಕ್ಲೋರೈಡುಗಳು ನೀರಿನೊಡನೆ ಗಿಡದೊಳಕ್ಕೆ ಹೋಗಿ ಎಲೆಗಳಲ್ಲಿ ಶೇಖರವಾಗುತ್ತವೆ. ಮೊದಲು ಹಳೆಯ ಎಲೆಗಳ ತುದಿ ಸುಡುತ್ತದೆ, ಅನಂತರ ಅಂಚು, ಕೊನೆಗೆ ಎಲೆಯೇ ಉದುರುತ್ತದೆ. ಜೋಳವೋ ಸಜ್ಜೆಯೋ ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಮುಂದಿನ ಸಲ ರೈತನು ಬೆಳೆಯನ್ನು ಬದಲಿಸಬಹುದು. ಹಣ್ಣಿನ ಗಿಡ ಹಾಗಲ್ಲ. ಅದು ಹತ್ತು, ಹದಿನೈದು, ಮಾವಾದರೆ ನಲವತ್ತು ವರ್ಷ ಒಂದೇ ಕಡೆ ನಿಂತು ಅದೇ ನೀರನ್ನು ಕುಡಿಯಬೇಕು. ತೋಟ ಹಾಕುವ ಕುಟುಂಬ ಸಾಲಮಾಡಿ ಸಸಿ ನೆಟ್ಟು, ಫಲಕ್ಕಾಗಿ ವರ್ಷಗಟ್ಟಲೆ ಕಾಯುತ್ತದೆ. ಫಲ ಬರುವ ಹೊತ್ತಿಗೆ ಗಿಡ ಒಣಗಿದರೆ ಹಾಳಾಗುವುದು ಒಂದು ಹಂಗಾಮು ಮಾತ್ರವಲ್ಲ.

ಉಪ್ಪು ಎಷ್ಟು ಬೇಗ ಕೂಡುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಶುದ್ಧ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯದು. ಉಪ್ಪು ಹೆಚ್ಚಿದಂತೆ ಸರಾಗವಾಗಿ ಹರಿಯುತ್ತದೆ. ಈ ವಿದ್ಯುದ್ವಾಹಕತೆಯನ್ನು ಉಪಕರಣದಿಂದ ಅಳೆದು ನೀರಿನ ಸವಳನ್ನು ನಿರ್ಧರಿಸುತ್ತಾರೆ. ಇದರ ಮಾನ ಮೀಟರಿಗೆ ಡೆಸಿಸೀಮೆನ್ಸ್. ಒಂದು ಮಾನವೆಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಉಪ್ಪು. 0.7ಕ್ಕಿಂತ ಕಡಮೆಯಿದ್ದರೆ ಯಾವ ಬೆಳೆಗೂ ಅಡ್ಡಿಯಿಲ್ಲ, 0.7ರಿಂದ 3ರವರೆಗೆ ಎಚ್ಚರಿಕೆ ಬೇಕು. 3ನ್ನು ಮೀರಿದರೆ ಬಹಳ ಕಷ್ಟ. ಒಬ್ಬ ರೈತನ ಕೊಳವೆ ಬಾವಿಯ ನೀರು 2 ಮಾನದ್ದೆಂದು ಇಟ್ಟುಕೊಳ್ಳೋಣ. ಲೀಟರಿಗೆ ಸುಮಾರು ಒಂದೂಕಾಲು ಗ್ರಾಂ ಉಪ್ಪಾಯಿತು. ಒಂದು ದಾಳಿಂಬೆ ಗಿಡಕ್ಕೆ ದಿನಕ್ಕೆ 20 ಲೀಟರ್ ನೀರು ಕೊಟ್ಟರೆ 25 ಗ್ರಾಂ. ವರ್ಷದಲ್ಲಿ 200 ದಿನ ಹೀಗೆ ಕೊಟ್ಟರೆ 5 ಕಿಲೋಗ್ರಾಂ. ಎಕರೆಗೆ 300 ಗಿಡಗಳಿದ್ದರೆ 1,500 ಕಿಲೋಗ್ರಾಂ, ಎಂದರೆ 50 ಕಿಲೋಗ್ರಾಮಿನ ಮೂವತ್ತು ಚೀಲ! ಯಾವ ರೈತನೂ ತನ್ನ ಹೊಲಕ್ಕೆ ಮೂವತ್ತು ಚೀಲ ಉಪ್ಪನ್ನು ತಾನಾಗಿ ಸುರಿಯಲಾರನು. ನೀರಿನೊಡನೆ ಬರುವಾಗ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಗಿಡವು ನೀರನ್ನು ಕುಡಿಯುತ್ತದೆ, ಉಪ್ಪಿನ ಬಹುಭಾಗವನ್ನು ಮಣ್ಣಿನಲ್ಲಿಯೇ ಬಿಡುತ್ತದೆ. ಉಪ್ಪು ಕೊಳೆಯುವುದಿಲ್ಲ, ಸುಡುವುದಿಲ್ಲ, ಆವಿಯಾಗಿ ಹಾರುವುದೂ ಇಲ್ಲ. ಬಂದ ಉಪ್ಪು ಹೋಗಬೇಕಾದರೆ ಅದಕ್ಕೊಂದು ದಾರಿ ಬೇಕು. ಈ ಸತ್ಯವನ್ನು ಮರೆತ ನಾಡುಗಳು ದೊಡ್ಡ ಬೆಲೆ ತೆತ್ತಿವೆ. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಪ್ರಾಚೀನ ಸುಮೇರ್ ನಾಡಿನಲ್ಲಿ ಕಾಲುವೆ ನೀರಾವರಿಯಿಂದ ಮಣ್ಣು ಸವಳಾಗುತ್ತ ಬಂದು, ರೈತರು ಗೋಧಿಯನ್ನು ಬಿಟ್ಟು ಉಪ್ಪನ್ನು ಹೆಚ್ಚು ತಾಳುವ ಬಾರ್ಲಿಗೆ ತಿರುಗಿದರೆಂದು ಹಲವು ವಿದ್ವಾಂಸರು ಹೇಳುತ್ತಾರೆ. ನಮ್ಮ ದೇಶದಲ್ಲಿ ಈ ಸಮಸ್ಯೆಯ ಅಧ್ಯಯನಕ್ಕೆಂದೇ ಹರಿಯಾಣದ ಕರ್ನಾಲಿನಲ್ಲಿ 1969ರಲ್ಲಿ ಕೇಂದ್ರ ಸವಳು ಮಣ್ಣು ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಅದರ ಮಾರ್ಗದರ್ಶನದ ಅಖಿಲ ಭಾರತ ಯೋಜನೆಯ ಒಂದು ಕೇಂದ್ರ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ ಅದು ಕೆಲಸ ಮಾಡುತ್ತಿದೆ.

ಹಾಗಾದರೆ ಸವಳು ನೀರಿರುವ ರೈತನು ಏನು ಮಾಡಬೇಕು? ಮೊದಲ ಹೆಜ್ಜೆ ಪರೀಕ್ಷೆ. ನಾಲಗೆಯ ರುಚಿಯನ್ನು ನಂಬಿ ತೋಟ ಹಾಕಬಾರದು. ಪಂಪನ್ನು ಅರ್ಧ ಗಂಟೆ ಓಡಿಸಿ, ಅದೇ ನೀರಿನಿಂದ ತೊಳೆದ ಶುಚಿಯಾದ ಸೀಸೆಯಲ್ಲಿ ಒಂದು ಲೀಟರ್ ನೀರನ್ನು ತುಂಬಿ, ಹೆಸರು, ಊರು, ದಿನಾಂಕ ಬರೆದು ಪ್ರಯೋಗಾಲಯಕ್ಕೆ ತಲುಪಿಸಬೇಕು. ನೀರಿನಂತೆ ಮಣ್ಣನ್ನೂ ಪರೀಕ್ಷೆ ಮಾಡಿಸಬೇಕು. ಬೇಸಗೆಯಲ್ಲಿ ಬಾವಿಯ ನೀರು ಹೆಚ್ಚು ಸವಳಾಗುವುದುಂಟು. ಆದುದರಿಂದ ಮಳೆಗಾಲದ ಒಂದು ಪರೀಕ್ಷೆಯಿಂದ ತೃಪ್ತಿಪಡಬಾರದು.

ಎರಡನೆಯದು ನೀರಿಗೆ ತಕ್ಕ ಹಣ್ಣನ್ನು ಆರಿಸುವುದು. ಬಾಳೆ, ಮಾವು, ನಿಂಬೆ, ಕಿತ್ತಳೆಗಳು ಉಪ್ಪಿಗೆ ಸೂಕ್ಷ್ಮವಾದವು. ದಾಳಿಂಬೆ, ಅಂಜೂರ, ಪೇರಲಗಳು ಮಧ್ಯಮವಾಗಿ ತಾಳುತ್ತವೆ. ಚಿಕ್ಕು, ನೆಲ್ಲಿ, ಬಾರಿಹಣ್ಣು ಎಂದರೆ ಎಲಚಿ, ಇನ್ನೂ ಗಟ್ಟಿ. ಎಲ್ಲಕ್ಕಿಂತ ಗಟ್ಟಿಯಾದುದು ಖರ್ಜೂರ. ಗಂಗಾವತಿಯ ಬಳಿಯ ಆನೆಗೊಂದಿಯಲ್ಲಿ ಬಾಳೆ ಸೊಂಪಾಗಿ ಬೆಳೆಯುತ್ತದೆ. ಅಲ್ಲಿ ಅದಕ್ಕೆ ದೊರೆಯುವುದು ತುಂಗಭದ್ರೆಯ ಸಿಹಿ ನೀರು. ಆ ಬಾಳೆಯನ್ನು ಕಂಡು ಸವಳು ಬಾವಿಯ ರೈತನು ಆಸೆಪಡುವುದು ತರವಲ್ಲ.

ಬೇಕಾದ ಹಣ್ಣು ಸೂಕ್ಷ್ಮವಾಗಿದ್ದರೆ ಕಸಿಯ ಸಹಾಯವನ್ನು ಪಡೆಯಬಹುದು. ಸವಳು ಹಾಗೂ ಬರವನ್ನು ತಾಳುವ ಗಿಡದ ಬೇರಿನ ಮೇಲೆ ಸಿಹಿ ಹಣ್ಣಿನ ತಳಿಯನ್ನು ಕಸಿಮಾಡುವುದೇ ಈ ಉಪಾಯ. ಅಮೆರಿಕ ಮೂಲದ ಡಾಗ್‌ರಿಜ್ ಎಂಬ ದ್ರಾಕ್ಷಿಯ ಬೇರಿನ ಮೇಲೆ ನಮ್ಮ ಉತ್ತರ ಕರ್ನಾಟಕದ ಮತ್ತು ಮಹಾರಾಷ್ಟ್ರದ ರೈತರು ತಮ್ಮ ತಳಿಗಳನ್ನು ಕಸಿಮಾಡಿ ಬೆಳೆಯುತ್ತಿದ್ದಾರೆ. ಬೇರು ಒಂದರದು, ಫಲ ಇನ್ನೊಂದರದು.

ಮೂರನೆಯದು ನೀರು ಕೊಡುವ ಕ್ರಮ. ಹನಿ ನೀರಾವರಿಯಲ್ಲಿ ನೀರು ಡ್ರಿಪ್ಪರಿನಿಂದ ತೊಟ್ಟಿಕ್ಕಿ ಬುಡದ ಸುತ್ತ ಹರಡುತ್ತದೆ. ನೀರು ಹರಡಿದಂತೆ ಉಪ್ಪನ್ನೂ ತನ್ನೊಡನೆ ಹೊರಕ್ಕೆ ತಳ್ಳುತ್ತದೆ. ನಡುವೆ ಬೇರಿಗೆ ತಂಪು, ಅಂಚಿನಲ್ಲಿ ಉಪ್ಪು. ತೋಟದಲ್ಲಿ ಒದ್ದೆಯ ಸುತ್ತ ಕಾಣುವ ಬಿಳಿಯ ಬಳೆ ಈ ಉಪ್ಪಿನದೇ. ಮಣ್ಣು ಒಣಗಿದರೆ ಉಳಿದ ನೀರು ಗಾಢವಾಗುವುದರಿಂದ, ಅಪರೂಪಕ್ಕೆ ಹೆಚ್ಚು ನೀರು ಕೊಡುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡುವುದು ಲೇಸು. ಇಲ್ಲೊಂದು ಸೂಕ್ಷ್ಮವಿದೆ. ಸಣ್ಣ ಮಳೆ ಬಂದಾಗ ರೈತನು ಸಹಜವಾಗಿ ಪಂಪನ್ನು ನಿಲ್ಲಿಸುತ್ತಾನೆ. ಸವಳು ತೋಟದಲ್ಲಿ ಹಾಗೆ ಮಾಡಬಾರದು. ಸಣ್ಣ ಮಳೆಯು ಅಂಚಿನ ಉಪ್ಪನ್ನು ಕರಗಿಸಿ ಮರಳಿ ಬೇರಿನ ಬಳಿಗೆ ತರುತ್ತದೆ. ಆ ಹೊತ್ತಿನಲ್ಲಿ ಡ್ರಿಪ್ಪರುಗಳು ನಡೆಯುತ್ತಿದ್ದರೆ ಉಪ್ಪು ಹೊರಗೇ ಉಳಿಯುತ್ತದೆ. ದೊಡ್ಡ ಮಳೆಯಾದರೆ ಅದೇ ಉಪ್ಪನ್ನು ಕೆಳಕ್ಕೆ ತೊಳೆಯುವುದರಿಂದ ಆಗ ನಿಲ್ಲಿಸಬಹುದು.

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆ ಮಣ್ಣಿಗೂ ಸಲ್ಲುತ್ತದೆ. ಹನಿ ನೀರಾವರಿ ಉಪ್ಪನ್ನು ಬದಿಗೆ ಸರಿಸುತ್ತದೆಯೇ ಹೊರತು ಹೊಲದಿಂದ ಕಳಿಸುವುದಿಲ್ಲ. ಕಳಿಸಬೇಕಾದರೆ ಗಿಡಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ನೀರು ಕೊಟ್ಟು, ಉಪ್ಪನ್ನು ಬೇರಿನ ಕೆಳಕ್ಕೆ ತೊಳೆಯಬೇಕು. 2 ಮಾನದ ನೀರಿನಲ್ಲಿ ದಾಳಿಂಬೆ ಬೆಳೆಯುವವನು ಕೊಡುವ ನೀರಿನ ಸುಮಾರು ಆರನೆಯ ಒಂದು ಪಾಲು ಈ ತೊಳೆತಕ್ಕೆ ಹೋಗಬೇಕೆಂದು ಲೆಕ್ಕ ಹೇಳುತ್ತದೆ. ಎಂದರೆ 20 ಲೀಟರ್ ಬೇಕಾದಲ್ಲಿ 24 ಲೀಟರ್. ಬಾವಿಯ ನೀರಿಗಿಂತ ಮಳೆಯ ನೀರೇ ಈ ಕೆಲಸಕ್ಕೆ ಶ್ರೇಷ್ಠ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ಸಿಹಿ ನೀರು. ತೋಟದ ಸುತ್ತ ಬದು ಹಾಕಿ ಅದನ್ನು ಅಲ್ಲಿಯೇ ಇಂಗಿಸಿದರೆ ತಿಂಗಳುಗಟ್ಟಲೆ ಕೂಡಿದ ಉಪ್ಪು ಕೆಳಗಿಳಿಯುತ್ತದೆ.

ಆದರೆ ಈ ಉಪಾಯ ನೀರು ಬಸಿದುಹೋಗುವ ಮಣ್ಣಿಗೆ ಮಾತ್ರ. ಯಲಬುರ್ಗಾದ ಮಸಾರಿಯಲ್ಲಿ ಔಷಧವಾದುದು ಗಂಗಾವತಿಯ ಜವಳು ಎರೆಯಲ್ಲಿ ವಿಷವಾದೀತು. ಕೆಳಗೆ ನೀರು ಆಗಲೇ ನಿಂತಿರುವಲ್ಲಿ ಮೇಲಿನಿಂದ ಇನ್ನಷ್ಟು ಹಾಯಿಸಿದರೆ ಉಪ್ಪು ನೀರಿನೊಡನೆ ಮೇಲೇರುತ್ತದೆ. ಅಲ್ಲಿ ಮೊದಲು ಆಗಬೇಕಾದುದು ಬಸಿಗಾಲುವೆ. ತೆರೆದ ಬಸಿಗಾಲುವೆಗಳನ್ನು ತೋಡಬಹುದು. ಇಲ್ಲವೆ ತೂತುಗಳುಳ್ಳ ಕೊಳವೆಗಳನ್ನು ನೆಲದೊಳಗೆ ಹೂತು ನೀರನ್ನು ಹೊರಗೆ ಒಯ್ಯಬಹುದು. ಇದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬನು ತನ್ನ ಹೊಲದ ಉಪ್ಪು ನೀರನ್ನು ನೆರೆಯವನ ತಗ್ಗಿಗೆ ಬಿಟ್ಟರೆ ಉಪ್ಪು ಹೋದಂತಾಗಲಿಲ್ಲ, ಮನೆ ಬದಲಿಸಿದಂತಾಯಿತು. ಮೇಲಿನ ಹೊಲದವನು ಮಿತವಾಗಿ ನೀರು ಬಳಸಿ, ಊರವರೆಲ್ಲ ಕೂಡಿ ಬಸಿಗಾಲುವೆಯನ್ನು ಹಳ್ಳಕ್ಕೆ ಕೂಡಿಸಿದಾಗ ಮಾತ್ರ ತಗ್ಗಿನ ಹೊಲ ಉಳಿಯುತ್ತದೆ.

ಸವಳಿಗೂ ಕರಲಿಗೂ ಇರುವ ಭೇದವನ್ನು ತಿಳಿಯುವುದು ಅಗತ್ಯ. ಸವಳು ಮಣ್ಣಿನಲ್ಲಿ ಉಪ್ಪು ಕರಗಿದ ರೂಪದಲ್ಲಿದ್ದು ನೀರಿನಿಂದ ತೊಳೆದುಹೋಗುತ್ತದೆ. ಕರಲು ಮಣ್ಣಿನಲ್ಲಿ ಸೋಡಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡಿರುತ್ತದೆ. ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದೆ ಮೇಲೆ ನಿಲ್ಲುತ್ತದೆ. ಒಣಗಿದಾಗ ಮಣ್ಣು ಕಲ್ಲಿನಂತಾಗುತ್ತದೆ. ಇದಕ್ಕೆ ಬರಿಯ ನೀರು ಮದ್ದಲ್ಲ, ಜಿಪ್ಸಂ ಬೇಕು. ಜಿಪ್ಸಮ್ಮಿನ ಕ್ಯಾಲ್ಸಿಯಂ ಜೇಡಿಯ ಕಣದಿಂದ ಸೋಡಿಯಮ್ಮನ್ನು ಬಿಡಿಸಿ ತಾನು ಆ ಸ್ಥಾನದಲ್ಲಿ ಕೂರುತ್ತದೆ. ಬಿಡುಗಡೆಯಾದ ಸೋಡಿಯಂ ಸಲ್ಫೇಟಾಗಿ ನೀರಿನೊಡನೆ ಹರಿದುಹೋಗುತ್ತದೆ. ಎಷ್ಟು ಜಿಪ್ಸಂ ಬೇಕೆಂಬುದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು. ರೋಗವನ್ನು ತಿಳಿಯದೆ ಮದ್ದು ಕೊಡುವುದು ಮನುಷ್ಯರಿಗೆ ಹೇಗೋ ಮಣ್ಣಿಗೂ ಹಾಗೆಯೇ ಸಲ್ಲದು.

ಇನ್ನು ಕೆಲವು ಸಣ್ಣ ಕೆಲಸಗಳು ದೊಡ್ಡ ಫಲವನ್ನು ಕೊಡುತ್ತವೆ. ಬುಡದ ಸುತ್ತ ಭತ್ತದ ಹುಲ್ಲನ್ನೋ ಶೇಂಗಾದ ಹೊಟ್ಟನ್ನೋ ಹೊದಿಸಿದರೆ ನೀರು ಆವಿಯಾಗುವುದು ತಗ್ಗಿ, ಉಪ್ಪು ಮೇಲೇರುವುದೂ ತಗ್ಗುತ್ತದೆ. ಕೊಟ್ಟಿಗೆ ಗೊಬ್ಬರ ಮಣ್ಣನ್ನು ಸಡಿಲಗೊಳಿಸಿ ನೀರಿಗೆ ದಾರಿ ಮಾಡುತ್ತದೆ. ರಾಸಾಯನಿಕ ಗೊಬ್ಬರಗಳೂ ಲವಣಗಳೇ ಎಂಬುದನ್ನು ಮರೆಯಬಾರದು. ಅವನ್ನು ಒಮ್ಮೆಗೇ ಸುರಿಯದೆ ಕಂತು ಕಂತಾಗಿ ಕೊಡಬೇಕು. ಪೊಟ್ಯಾಷ್ ಬೇಕಾದಾಗ ಕ್ಲೋರೈಡ್ ಇರುವ ಮ್ಯೂರಿಯೇಟಿಗಿಂತ ಸಲ್ಫೇಟ್ ಒಳ್ಳೆಯದು.

ಮಳೆಯ ನೀರನ್ನು ಕೂಡಿಡುವ ಕೃಷಿ ಹೊಂಡ ಸವಳು ಬಾವಿಯ ರೈತನಿಗೆ ನಿಜವಾದ ನಿಧಿ. ಕರ್ನಾಟಕ ಸರ್ಕಾರವು 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯು ಇಂಥ ಹೊಂಡಗಳಿಗೆ ನೆರವು ನೀಡಿತು. ಬಾವಿಯ ನೀರು 3 ಮಾನ, ಹೊಂಡದ ನೀರು 0.2 ಮಾನವೆಂದಾದರೆ ಸಮಸಮ ಬೆರೆಸಿದಾಗ 1.6 ಮಾನದ ನೀರು ದೊರೆಯುತ್ತದೆ. ಬೆರೆಸದೆಯೂ ಉಪಯೋಗಿಸಬಹುದು. ಎಳೆಯ ಸಸಿಗಳಿಗೂ, ಹೂಬಿಟ್ಟು ಕಾಯಿ ಕಚ್ಚುವ ಕಾಲದಲ್ಲೂ ಹೊಂಡದ ಸಿಹಿ ನೀರು. ಗಿಡ ಬಲಿತ ಉಳಿದ ಕಾಲದಲ್ಲಿ ಬಾವಿಯ ನೀರು. ಕೂಸಿಗೆ ಹಾಲು, ದುಡಿಯುವವನಿಗೆ ರೊಟ್ಟಿ ಎಂಬಂತೆ ಗಿಡದ ವಯಸ್ಸನ್ನರಿತು ನೀರು ಕೊಡುವುದೇ ಜಾಣತನ.

ಈ ಉಪಾಯಗಳಿಗೆಲ್ಲ ಒಂದು ಮೇರೆಯುಂಟು. ನೀರು ಬಹಳ ಸವಳಾಗಿದ್ದು ಬಸಿಯುವ ದಾರಿಯೂ ಇಲ್ಲದಿದ್ದರೆ ಅಲ್ಲಿ ಹಣ್ಣಿನ ತೋಟ ಹಾಕದಿರುವುದೇ ವಿವೇಕ. ಪರೀಕ್ಷೆಯ ಚೀಟಿ ‘ಬೇಡ’ ಎಂದಾಗ ಬೇಸರವಾಗುವುದು ನಿಜ. ಆದರೆ ನೆಟ್ಟು ಐದು ವರ್ಷ ಸಾಕಿದ ಗಿಡಗಳನ್ನು ಕಿತ್ತುಹಾಕುವ ದುಃಖಕ್ಕಿಂತ ಆ ಬೇಸರ ಚಿಕ್ಕದು.

ನೀರನ್ನು ಹೊಲಕ್ಕೆ ತರುವ ವಿದ್ಯೆಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರು. ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತೋಡಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಆ ವಿದ್ಯೆಯ ಇನ್ನೊಂದು ಅರ್ಧವನ್ನು ನಮ್ಮ ಕಾಲ ಕಲಿಯಬೇಕಾಗಿದೆ. ನೀರು ಬರುವ ದಾರಿಯನ್ನು ಮಾಡುವವನು ಉಪ್ಪು ಹೋಗುವ ದಾರಿಯನ್ನೂ ಮಾಡಬೇಕು. ಹಾಗೆ ಮಾಡಿದವನ ತೋಟದಲ್ಲಿ ಸವಳು ನೀರಿನಿಂದಲೂ ಸಿಹಿ ಹಣ್ಣು ಬರುತ್ತದೆ. ಅವನ ಮಕ್ಕಳಿಗೆ ಬೆಳೆಯುವ ಭೂಮಿ ಉಳಿಯುತ್ತದೆ.

ಅಭ್ಯಾಸ

ಅ) ಪದಗಳ ಅರ್ಥ

ಸವಳು – ಉಪ್ಪಿನಿಂದ ಕೂಡಿದ. ಜವಳು – ನೀರು ನಿಂತು ಕೆಟ್ಟ ಭೂಮಿ. ಕರಲು – ಸೋಡಿಯಂ ಹೆಚ್ಚಾಗಿ ಗಡುಸಾದ ಮಣ್ಣು. ಎರೆ – ಕಪ್ಪು ಮಣ್ಣು. ಮಸಾರಿ – ಕೆಂಪು ಮಣ್ಣು. ಬಸಿಗಾಲುವೆ – ಹೆಚ್ಚಾದ ನೀರನ್ನು ಹೊರಗೆ ಸಾಗಿಸುವ ಕಾಲುವೆ. ಮೇರೆ – ಎಲ್ಲೆ.

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ

1. ತುಂಗಭದ್ರಾ ಎಡದಂಡೆ ಕಾಲುವೆ ಎಲ್ಲಿ ಹೊರಡುತ್ತದೆ?
2. ಅಭಿಸರಣ ಎಂದರೇನು?
3. ಉಪ್ಪನ್ನು ಎಲ್ಲಕ್ಕಿಂತ ಹೆಚ್ಚು ತಾಳುವ ಹಣ್ಣಿನ ಗಿಡ ಯಾವುದು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ

1. ಬುಡದಲ್ಲಿ ತೇವವಿದ್ದರೂ ಗಿಡ ಬಾಡುವುದೇಕೆ?
2. ಸಣ್ಣ ಮಳೆ ಬಂದಾಗ ಸವಳು ತೋಟದಲ್ಲಿ ಹನಿ ನೀರಾವರಿಯನ್ನು ನಿಲ್ಲಿಸಬಾರದೇಕೆ?
3. ಸವಳು ಮಣ್ಣಿಗೂ ಕರಲು ಮಣ್ಣಿಗೂ ಇರುವ ಭೇದವೇನು?
4. ‘ಉಪ್ಪು ಹೋದಂತಾಗಲಿಲ್ಲ, ಮನೆ ಬದಲಿಸಿದಂತಾಯಿತು’ – ಈ ಮಾತನ್ನು ಸಂದರ್ಭ ಸಹಿತ ವಿವರಿಸಿರಿ.

ಈ) ಲೆಕ್ಕಮಾಡಿರಿ

ನೀರಿನ ಸವಳು 1 ಮಾನವಿದ್ದು, ಗಿಡವೊಂದಕ್ಕೆ ದಿನಕ್ಕೆ 25 ಲೀಟರ್ ನೀರು ಕೊಟ್ಟರೆ 100 ದಿನಗಳಲ್ಲಿ ಆ ಗಿಡದ ಬುಡಕ್ಕೆ ಸೇರುವ ಉಪ್ಪು ಎಷ್ಟು?

ಉ) ಮಾಡಿ ನೋಡಿರಿ

ಹಸಿ ಆಲೂಗಡ್ಡೆಯ ಎರಡು ತೆಳು ಹೋಳುಗಳಲ್ಲಿ ಒಂದನ್ನು ಸಿಹಿ ನೀರಿನಲ್ಲಿಯೂ ಇನ್ನೊಂದನ್ನು ಗಾಢವಾದ ಉಪ್ಪು ನೀರಿನಲ್ಲಿಯೂ ಎರಡು ಗಂಟೆ ಇಡಿರಿ. ಎರಡನ್ನೂ ಬಾಗಿಸಿ ನೋಡಿ, ಕಂಡ ವ್ಯತ್ಯಾಸವನ್ನೂ ಅದರ ಕಾರಣವನ್ನೂ ಬರೆಯಿರಿ.